ಗಿರಣಿಯ ಮ್ಯಾಲಿನ ಕೋಣೆ

ವಿಜಯಪುರದ ಜಲನಗರದಲ್ಲಿ ಒಂದು ಹಿಟ್ಟಿನ ಗಿರಣಿ,
ಅದರ ಮೇಲೊಂದು ಕೋಣೆ.
ಸಂಜೆ ಐದಕ್ಕೆ ಹನ್ನೊಂದು ಚಾಪೆ ಹಾಸುತ್ತಿದ್ದೆ.
ಹಾಸುವ ಮೊದಲು ಕೆಳಗಿಳಿದು
ಈರಸಂಗಪ್ಪನಿಗೆ ಕೈಮುಗಿಯುತ್ತಿದ್ದೆ:
ಒಂದು ತಾಸು ಬಂದ್ ಮಾಡೋ ತಂದೆ, ಮ್ಯಾಲೆ ಧ್ಯಾನ ಐತಿ.
ಅವನು ಹಿಟ್ಟು ಮೆತ್ತಿದ ಹುಬ್ಬು ಏರಿಸಿ
ಮಷೀನು ಆರಿಸುತ್ತಿದ್ದ.
ಜೋಳದ ಡಬ್ಬಿ ಹಿಡಿದ ಹೆಂಗಸರು
ನನ್ನನ್ನು ಬೈದುಕೊಳ್ಳುತ್ತ ಕಟ್ಟೆಗೆ ಕೂರುತ್ತಿದ್ದರು.

ಹಾಗೆ ಬೇಡಿ ತಂದ ಮೌನ ಅದು.

ಮೆಹಜಬೀನ್ ಬಂದದ್ದು ಮೊಹರಮ್ ಮುಗಿದ ವಾರ.
ಅವಳ ತಾಯಿ ಚಪ್ಪಲಿ ಬಿಡುವ ಮೊದಲೇ ಹೇಳಿದ್ದಳು:
"ಕಣ್ಣಾಗ ಕಣ್ಣಿಟ್ಟು ನೋಡಂಗಿಲ್ರಿ, ಸೊಕ್ಕು ಅನಕೋಬ್ಯಾಡ್ರಿ."
ಕಣ್ಣು ಮುಚ್ಚು ಅಂದೆ. ಮುಚ್ಚಲಿಲ್ಲ.
ಉಸಿರು ನೋಡು ಅಂದೆ.
"ನೋಡಿದರ ಅದು ತನ್ನ ಕೆಲಸ ಮರೀತೈತ್ರಿ.
ಆಮ್ಯಾಲ ಪ್ರತಿಯೊಂದೂ ನಾನೇ ಸೇದಬೇಕು,
ಬಾವಿ ನೀರಿನಂಗ."
ವಿಚಾರಗಳು ಮೋಡದ ಹಾಗೆ ಹಾಯ್ದು ಹೋಗಲಿ ಅಂದೆ.
ಎದ್ದಳು, ಕಿಟಕಿಗೆ ಹೋಗಿ ಆಕಾಶ ನೋಡಿ ಬಂದಳು:
"ಒಂದೂ ಇಲ್ರಿ."

ಯಾರೋ ನಕ್ಕರು.
ಸುಳ್ಳು ಯಾಕೆ, ನಾನೂ ನಕ್ಕೆ.

ಮೂರನೆಯ ದಿನ, ಬೇಡಿ ತಂದ ಮೌನದ ನಟ್ಟನಡುವೆ
ಎರಡೂ ಕಿವಿ ಮುಚ್ಚಿಕೊಂಡು ನಿಂತುಬಿಟ್ಟಳು.
"ನಿಮ್ಮ ಶಾಂತಿಯೊಳಗ ಭಾಳ ಗದ್ದಲ ಐತ್ರಿ.
ಟ್ಯೂಬ್‌ಲೈಟು ಗುಂಯ್ ಅಂತೈತಿ,
ಮಾಸ್ತರರ ಗಂಟಲು, ಯಾರದೋ ಬಳಿ,
ಊದಿನಕಡ್ಡಿ ಮೂಗಿನಾಗ ಮೊಳೆ ಹೊಡದಂಗ.
ಗಿರಣಿ ಇರಲಿ ಬಿಡ್ರಿ.
ಅದು ಒಂದೇ ಮಾತು ಆಡತೈತಿ."

ಆ ರಾತ್ರಿ ನನ್ನ ನೋಟುಬುಕ್ಕು ತೆಗೆದೆ.
ಇಪ್ಪತ್ತೆರಡು ವರ್ಷದ ನೀಲಿ ಶಾಯಿ.
'ಅಲುಗಬೇಡಿ' ಅನ್ನುವಲ್ಲಿ ಪೆನ್ನು ನಿಂತಿತು.
ಬಸಗೊಂಡ ನೆನಪಾದ. ನೋಂದಣಿ ಕಚೇರಿಯವನು,
ಕಲ್ಲಿನ ಕಂಬದಂತೆ ಕೂರುವವನು.
ನೋಡಿ ಕಲಿಯಿರಿ ಎಂದು
ಎರಡು ವರ್ಷದಿಂದ ಎಲ್ಲರಿಗೂ ತೋರಿಸಿದ್ದೆ.
ಮರುದಿನ ಅವನನ್ನೇ ಕೇಳಿದೆ, ಕೂತಾಗ ಏನಾಗ್ತದ?
ನೆಲ ನೋಡುತ್ತ ಅಂದ:
"ತಾಸುಗಟ್ಟಲೆ ನನ್ನ ನಾನು ಬಿಗಿಹಿಡಿದಿರತೀನ್ರಿ.
ಬ್ಯಾರೆ ಏನೂ ಮಾಡಿಲ್ಲ."
ಆಮೇಲೆ ಮೆಲ್ಲಗೆ ತೂಗತೊಡಗಿದ, ಹಿಂದಕ್ಕೆ, ಮುಂದಕ್ಕೆ.
ಅವನ ಅಡಿಯ ಚಾಪೆ ಕಿರ್ರೆನ್ನುತ್ತಿತ್ತು.
ಎರಡು ವರ್ಷದ ತೂಗುವಿಕೆ ಬಾಕಿ ಇತ್ತು. ತೂಗಲಿ ಬಿಡು ಅಂದೆ.

ಈಗ ಟ್ಯೂಬ್‌ಲೈಟು ಹಚ್ಚುವುದಿಲ್ಲ.
ಏನು ಯಾವಾಗ ಸುರು, ಯಾವಾಗ ಮುಗೀತದ,
ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತೇನೆ;
ಬದಲಾಗುವುದಿದ್ದರೆ ಹಿಂದಿನ ದಿನವೇ.
ಗೋಡೆ ಬೇಕಾದವರಿಗೆ ಗೋಡೆ.
ಮುಷ್ಟಿಯೊಳಗೆ ಜೋಳದ ಕಾಳು ಬೇಕಾದವರಿಗೆ
ಈರಸಂಗಪ್ಪ ಒಂದು ಚೀಲವನ್ನೇ ಮೆಟ್ಟಿಲ ಮೇಲಿಟ್ಟಿದ್ದಾನೆ.
ಕಾಲ್ಬೆರಳು ಎಲ್ಲಿವೆಯೆಂದು ಒಳಗಿನಿಂದ ತಿಳಿಯದವರು
ಬಗ್ಗಿ ಮುಟ್ಟಿ ನೋಡಬಹುದು.

ಮೆಹಜಬೀನ್ ನೆಲಕ್ಕೆ ಕೆನ್ನೆ ಹಚ್ಚಿ ಮಲಗುತ್ತಾಳೆ.
ಕಣ್ಣು ತೆರೆದೇ ಇರುತ್ತವೆ.
ಕೆಳಗೆ ಕಲ್ಲು ಕಲ್ಲನ್ನು ಸುತ್ತುತ್ತದೆ.
ಒಂದು ದಿನ ಎಲ್ಲರೂ ಹೋದ ಮೇಲೆ
ನಾನೂ ಹಾಗೇ ಮಲಗಿ ನೋಡಿದೆ.
ನಡುಕ ಕೆನ್ನೆಯ ಎಲುಬಿನಿಂದ ಹಲ್ಲಿಗೆ ಬಂತು,
ಹಲ್ಲಿನಿಂದ ಎದೆಗೂಡಿಗೆ,
ಆಮೇಲೆ ಎಷ್ಟೋ ಹೊತ್ತು, ಎಷ್ಟು ಅಂತ ಗೊತ್ತಿಲ್ಲ.
ಇದಕ್ಕೆ ನನ್ನ ಗುರುಗಳು ಏನು ಹೆಸರು ಇಡುತ್ತಿದ್ದರೋ.
ಎದ್ದಾಗ ಕೆನ್ನೆ ತುಂಬ ಹಿಟ್ಟು.

ನಿನ್ನೆ ಕರೆಂಟು ಹೋಯಿತು.
ಪಟ್ಟಿ ನಿಧಾನವಾಗಿ, ಇನ್ನೂ ನಿಧಾನವಾಗಿ,
ನಿಂತಿತು.
ಹಿಂದೆ ನಾನು ಕಾಲು ಹಿಡಿದು ಕೇಳುತ್ತಿದ್ದ ಮೌನ
ಪುಕ್ಕಟೆ ಬಂದು ಕೂತಿತು ಕೋಣೆಯಲ್ಲಿ.
ಹಲಗೆಯ ಮೇಲೆ ಇದನ್ನು ಬರೆದಿರಲಿಲ್ಲ.
ಮೆಹಜಬೀನ್ ಎದ್ದಳು, ಯಾರನ್ನೂ ಕೇಳದೆ ಹೊರಗೆ ಹೋದಳು.
ನಾನು ಕರೆಯಲಿಲ್ಲ.
ಬಸಗೊಂಡ ತೂಗುವುದು ನಿಲ್ಲಿಸಲಿಲ್ಲ.
ಕೆಳಗಿನಿಂದ ಅವಳ ದನಿ ಕೇಳಿಸಿತು,
ಡಬ್ಬಿಗಳ ಸಾಲಿನ ನಡುವೆ, ಹೆಸ್ಕಾಂ ಸಾಹೇಬರಂತೆ:
"ಯಾವಾಗ ಬರ್ತೈತಿ?
ಎಷ್ಟು ನಿಮಿಷ? ಖರೇ ಹೇಳ್ರಿ."